ಮನೆಯಿಂದ ಆಫೀಸಿನ ಪ್ರಿಂಟರಿಗೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಪ್ರಿಂಟರಿನವೇ. ಕೆಲಸ ಮನೆಗೆ ಬಂತು, ಪ್ರಿಂಟರ್ ಆಫೀಸಿನಲ್ಲೇ ಉಳಿಯಿತು. ನಡುವೆ ಇಂಟರ್ನೆಟ್ ಇದೆಯಲ್ಲ, ಕಾಗದ ಅಲ್ಲಿ ಬರಬೇಕು, ಬರುತ್ತಿಲ್ಲ. ಒಂದೇ ತರಹದ ಪ್ರಶ್ನೆಗಳನ್ನು ಸೇರಿಸಿ ಒಂದು ಮಾಡಿದ್ದೇನೆ. ಯಾರ ಹೆಸರನ್ನೂ ಹಾಕಿಲ್ಲ, ಯಾಕೆಂದರೆ ಹಲವರು ಆಫೀಸಿನ ನೆಟ್‌ವರ್ಕ್ ವಿಳಾಸ, ರೂಟರಿನ ಪಾಸ್‌ವರ್ಡ್ ಎಲ್ಲ ಬರೆದು ಕಳಿಸಿದ್ದಾರೆ. ದಯವಿಟ್ಟು ಮುಂದಿನ ಸಲ ಪಾಸ್‌ವರ್ಡ್ ಬರೆಯಬೇಡಿ, ಬರೆದವರು ಇವತ್ತೇ ಅದನ್ನು ಬದಲಾಯಿಸಿ.

ಪ್ರಶ್ನೆ: ನಮ್ಮದು ಆರು ಜನರ ಸಣ್ಣ ಆಫೀಸು. ನೆಟ್‌ವರ್ಕ್ ಕೇಬಲ್ ಹಾಕಿರುವ ಲೇಸರ್ ಪ್ರಿಂಟರ್ ಇದೆ. ನಾನು ವಾರದಲ್ಲಿ ಮೂರು ದಿನ ಮನೆಯಿಂದ ಕೆಲಸ ಮಾಡುತ್ತೇನೆ. ಬಿಲ್ಲುಗಳನ್ನು ಇಲ್ಲಿಂದಲೇ ಪ್ರಿಂಟಿಗೆ ಕೊಟ್ಟರೆ ಅಲ್ಲಿರುವವರು ಸಹಿ ಹಾಕಿಸಿ ಕಳಿಸುತ್ತಾರೆ. ಪರಿಚಯದವರೊಬ್ಬರು "ರೂಟರಿನಲ್ಲಿ 9100 ಪೋರ್ಟ್ ತೆರೆದು ಪ್ರಿಂಟರಿಗೆ ಫಾರ್ವರ್ಡ್ ಮಾಡಿಬಿಡು, ಐದು ನಿಮಿಷದ ಕೆಲಸ" ಅಂದರು. ಮಾಡಬಹುದಾ?

ಉತ್ತರ: ಮಾಡಬೇಡಿ. ಈಗಾಗಲೇ ಮಾಡಿದ್ದರೆ ಓದುವುದನ್ನು ಇಲ್ಲಿಗೇ ನಿಲ್ಲಿಸಿ, ಮೊದಲು ಅದನ್ನು ತೆಗೆದು ಬನ್ನಿ.

ಐದು ನಿಮಿಷದ ಕೆಲಸ ಅನ್ನುವುದು ನಿಜ. ಪ್ರಿಂಟೂ ಬರುತ್ತದೆ. ಪೋರ್ಟ್ ಅಂದರೆ ನೆಟ್‌ವರ್ಕಿನ ಮಾತು ಒಳಗೆ ಬರುವ, ನಂಬರು ಹಾಕಿದ ಬಾಗಿಲು. ಆದರೆ 9100 ಪೋರ್ಟಿನಲ್ಲಿ ಕೂತ ಪ್ರಿಂಟರ್ "ಯಾರು ನೀನು" ಅಂತ ಕೇಳುವುದೇ ಇಲ್ಲ. ಬಂದದ್ದನ್ನು ಅಚ್ಚು ಹಾಕುತ್ತದೆ, ಅಷ್ಟೇ. ಪಾಸ್‌ವರ್ಡ್ ಇಲ್ಲ, ಕಳಿಸಿದ್ದನ್ನು ಗುಟ್ಟಾಗಿಡುವ ಎನ್‌ಕ್ರಿಪ್ಷನ್ ಇಲ್ಲ. 515ನೇ ಪೋರ್ಟಿನಲ್ಲಿ ಪ್ರಿಂಟ್ ಕಳಿಸುವ ಎಲ್‌ಪಿಡಿ ಎಂಬ ವಿಧಾನ ಇನ್ನೂ ಹಳೆಯದು, ಅದರ ಕಥೆಯೂ ಇದೇ. ಇವೆರಡೂ ಆಫೀಸಿನ ಗೋಡೆಯೊಳಗೆ, ಎಲ್ಲರೂ ನಮ್ಮವರೇ ಅನ್ನುವ ನಂಬಿಕೆಯ ಮೇಲೆ ಕಟ್ಟಿದ ದಾರಿಗಳು. ಅಂಥ ದಾರಿಯನ್ನು ಬೀದಿಗೆ ತೆರೆದಿಟ್ಟರೆ ಯಾರು ಬೇಕಾದರೂ ಬರುತ್ತಾರೆ. ಬಂದಿದ್ದಾರೆ ಕೂಡ. 2017ರ ಫೆಬ್ರವರಿಯಲ್ಲಿ ಒಬ್ಬ ವ್ಯಕ್ತಿ ಹೀಗೆ ತೆರೆದಿದ್ದ ಒಂದೂವರೆ ಲಕ್ಷಕ್ಕೂ ಹೆಚ್ಚು ಪ್ರಿಂಟರುಗಳಿಗೆ ತನ್ನ ಸಂದೇಶ ಕಳಿಸಿದೆ ಎಂದು ಹೇಳಿಕೊಂಡ. 2018ರ ನವೆಂಬರ್ ಕೊನೆಯಲ್ಲಿ ಇನ್ನೊಬ್ಬ ಒಂದು ಯೂಟ್ಯೂಬ್ ಚಾನೆಲ್ಲಿನ ಪರವಾಗಿ ಸುಮಾರು 50,000 ಪ್ರಿಂಟರುಗಳಲ್ಲಿ ಚೀಟಿ ಅಚ್ಚು ಹಾಕಿಸಿದ. ಇಬ್ಬರೂ ಬೀಗ ಒಡೆದವರಲ್ಲ. ಬಾಗಿಲು ತೆರೆದೇ ಇತ್ತು. ಇಂಟರ್ನೆಟ್ಟಿನಲ್ಲಿ ತೆರೆದಿರುವ ಪೋರ್ಟುಗಳನ್ನು ಹಗಲು ರಾತ್ರಿ ಹುಡುಕಿ ಪಟ್ಟಿ ಮಾಡುವ ಶೋಡಾನ್‌ನಂಥ ತಾಣಗಳೇ ಇವೆ, ನಿಮ್ಮ ಪ್ರಿಂಟರ್ ಅಲ್ಲಿ ಸೇರಲು ಜಾಸ್ತಿ ದಿನ ಬೇಕಾಗುವುದಿಲ್ಲ.

ಬೇಡದ ಕಾಗದ ಬಂದರೆ ಹರಿದು ಎಸೆಯಬಹುದು. ನನಗೆ ಅದಕ್ಕಿಂತ ಭಯ ಬೇರೆಯದು. ಪ್ರಿಂಟರ್ ಅಂದರೆ ಒಂದು ಸಣ್ಣ ಕಂಪ್ಯೂಟರ್. ಅದರಲ್ಲಿ ಸೆಟ್ಟಿಂಗ್ಸ್ ಪುಟ ಇದೆ, ಸ್ಕ್ಯಾನ್ ಮಾಡಿದ್ದನ್ನು ಇಮೇಲ್ ಮಾಡಲು ಕೊಟ್ಟ ಪಾಸ್‌ವರ್ಡ್ ಇದೆ, ಕೆಲವದರಲ್ಲಿ ಹಳೆಯ ಪ್ರಿಂಟುಗಳ ನಕಲೂ ಇರುತ್ತದೆ. ಅದರ ಮೂಲಕ ಒಳಗೆ ಕಾಲಿಟ್ಟವರಿಗೆ ಆಫೀಸಿನ ಉಳಿದ ಕಂಪ್ಯೂಟರುಗಳು ಒಂದು ಹೆಜ್ಜೆ ದೂರ.

ಹಾಗಾದರೆ ಏನು ಮಾಡಬೇಕು? ಪ್ರಿಂಟರನ್ನು ಹೊರಗೆ ತರಬೇಡಿ, ನೀವು ಒಳಗೆ ಹೋಗಿ. ಈ ಅಂಕಣದ ಉಳಿದ ಉತ್ತರಗಳೆಲ್ಲ ಈ ಒಂದು ಮಾತಿನ ಮೇಲೇ ನಿಂತಿವೆ. ಒಳಗೆ ಹೋಗುವ ದಾರಿಯ ಹೆಸರು ವಿಪಿಎನ್. ನಿಮ್ಮ ಲ್ಯಾಪ್‌ಟಾಪಿನಿಂದ ಆಫೀಸಿನ ರೂಟರಿನವರೆಗೆ ಒಂದು ಮುಚ್ಚಿದ ಕೊಳವೆ ಹಾಕಿದ ಹಾಗೆ. ಕೊಳವೆ ಕೂತ ಮೇಲೆ ನೀವು ಎಲ್ಲೇ ಇದ್ದರೂ ಆಫೀಸಿನ ಮೇಜಿನಲ್ಲೇ ಕೂತಿದ್ದೀರಿ ಎಂದು ನೆಟ್‌ವರ್ಕ್ ತಿಳಿಯುತ್ತದೆ. ಈಚಿನ ಎಷ್ಟೋ ರೂಟರುಗಳಲ್ಲಿ ಓಪನ್‌ವಿಪಿಎನ್ ಅಥವಾ ವೈರ್‌ಗಾರ್ಡ್ ಮೊದಲೇ ಇರುತ್ತದೆ, ಸೆಟ್ಟಿಂಗ್ಸ್ ಪುಟದಲ್ಲಿ ಒಮ್ಮೆ ಹುಡುಕಿ ನೋಡಿ. ಎರಡೂ ಇದ್ದರೆ ನಾನು ವೈರ್‌ಗಾರ್ಡ್ ಅನ್ನುತ್ತೇನೆ, ಹಾಕುವುದು ಸುಲಭ, ವೇಗವೂ ಚೆನ್ನಾಗಿದೆ, 2020ರ ಮಾರ್ಚಿನಿಂದ ಅದು ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನಲ್ಲಿನ ಒಳಗೇ ಸೇರಿದೆ.

ಒಂದು ತೊಡಕು ಬರಬಹುದು. ಇಂಟರ್ನೆಟ್ ಕೊಡುವವರು ನಿಮ್ಮ ಆಫೀಸಿಗೆ ಸ್ವಂತ ವಿಳಾಸ ಕೊಡದೆ, ಹಲವು ಗಿರಾಕಿಗಳಿಗೆ ಒಂದೇ ವಿಳಾಸ ಹಂಚಿರುತ್ತಾರೆ. ರೂಟರಿನ ಹೊರಗಿನ ವಿಳಾಸ 100.64ರಿಂದ 100.127ರ ಒಳಗೆ ಶುರುವಾದರೆ ಅದೇ ಆಗಿದೆ ಎಂದು ತಿಳಿಯಿರಿ. ಆಗ ಹೊರಗಿನಿಂದ ಆಫೀಸಿನ ರೂಟರನ್ನು ಮುಟ್ಟುವುದಕ್ಕೇ ಆಗುವುದಿಲ್ಲ. ಅಂಥ ಕಡೆ ಟೇಲ್‌ಸ್ಕೇಲ್‌ನಂಥ ವ್ಯವಸ್ಥೆ ಒಳ್ಳೆಯದು. ಅದರಲ್ಲಿ ಎರಡೂ ತುದಿಗಳು ಒಳಗಿನಿಂದ ಹೊರಗೆ ಕರೆ ಮಾಡಿ ನಡುವೆ ಕೈಕುಲುಕುತ್ತವೆ. ಪ್ರಿಂಟರಿನಲ್ಲಿ ಅದನ್ನು ಹಾಕಲಾಗದು, ಹಾಗಾಗಿ ಆಫೀಸಿನಲ್ಲಿ ಸದಾ ಆನ್ ಇರುವ ಒಂದು ಕಂಪ್ಯೂಟರಿನಲ್ಲಿ ಹಾಕಿ, ಅದಕ್ಕೆ ಸಬ್‌ನೆಟ್ ರೂಟರ್ ಕೆಲಸ ಕೊಡಿ. ಪ್ರಿಂಟರಿನ ದಾರಿಯನ್ನು ಅದು ತೋರಿಸುತ್ತದೆ.

ಇಷ್ಟೆಲ್ಲ ಮಾಡುವ ಮೊದಲು ಆಫೀಸಿನ ನೆಟ್‌ವರ್ಕ್ ನೋಡಿಕೊಳ್ಳುವವರನ್ನು ಕೇಳಿ. ಆರೇ ಜನ ಇದ್ದರೂ ಕೇಳಿ. ಅವರಿಗೆ ಗೊತ್ತಿಲ್ಲದ ದಾರಿಯನ್ನು ಅವರು ಕಾಯಲಾರರು.

ಪ್ರಶ್ನೆ: ಐಪಿಪಿ (ಇಂಟರ್ನೆಟ್ ಪ್ರಿಂಟಿಂಗ್ ಪ್ರೋಟೋಕಾಲ್) ಅಂತ ಪ್ರಿಂಟ್ ಕಳಿಸುವ ವಿಧಾನ ಒಂದಿದೆಯಲ್ಲ, ಅದರ ಹೆಸರಿನಲ್ಲೇ ಇಂಟರ್ನೆಟ್ ಇದೆ. ಅದನ್ನು ಬಳಸಿ ನೇರವಾಗಿ ಕಳಿಸಬಾರದಾ?

ಉತ್ತರ: ಒಳ್ಳೆಯ ಪ್ರಶ್ನೆ. ಐಪಿಪಿ 1999ರಲ್ಲಿ ಬಂತು, ಪೋರ್ಟ್ 631. ವೆಬ್ ಪುಟ ಓಡಾಡುವ ಎಚ್‌ಟಿಟಿಪಿ ಮೇಲೇ ಅದೂ ಓಡುತ್ತದೆ. ಹಾಗಾಗಿ ಪಾಸ್‌ವರ್ಡ್ ಕೇಳಬಲ್ಲದು, ಎನ್‌ಕ್ರಿಪ್ಷನ್ ಹಾಕಬಲ್ಲದು, ಕೆಲಸ ಮುಗಿಯಿತೋ ಕಾಗದ ಸಿಕ್ಕಿಕೊಂಡಿತೋ ಹೇಳಬಲ್ಲದು. 9100ಕ್ಕಿಂತ ಎಷ್ಟೋ ಮೇಲು. ಆದರೆ "ಬಲ್ಲದು" ಅನ್ನುವುದಕ್ಕೂ ನಿಮ್ಮ ಪ್ರಿಂಟರ್ ಅದನ್ನು ಮಾಡುತ್ತಿದೆ ಅನ್ನುವುದಕ್ಕೂ ವ್ಯತ್ಯಾಸ ಇದೆ, ಅಲ್ವಾ? ಹೆಚ್ಚಿನ ಪ್ರಿಂಟರುಗಳು ಪಾಸ್‌ವರ್ಡ್ ಕೇಳದೆಯೇ ಐಪಿಪಿ ಕೆಲಸ ತೆಗೆದುಕೊಳ್ಳುವಂತೆ ಬಂದಿರುತ್ತವೆ. ಆರು ವರ್ಷ ಹಳೆಯ ಪ್ರಿಂಟರಿನ ಫರ್ಮ್‌ವೇರನ್ನು, ಅಂದರೆ ಅದರೊಳಗಿನ ಪ್ರೋಗ್ರಾಮನ್ನು, ಕೊನೆಯ ಸಲ ಅಪ್‌ಡೇಟ್ ಮಾಡಿದ್ದು ಯಾವಾಗ ಎಂದು ನೆನಪಿಸಿಕೊಳ್ಳಿ. ಐಪಿಪಿ ಬಳಸಿ, ಆದರೆ ವಿಪಿಎನ್ ಒಳಗೆ ಬಳಸಿ.

ಪ್ರಶ್ನೆ: ವಿಪಿಎನ್ ಹಾಕಿಸಿದ್ದಾರೆ. ಆಫೀಸಿನ ಫೈಲುಗಳು ತೆರೆಯುತ್ತವೆ. ಪ್ರಿಂಟರ್ ಮಾತ್ರ ಯಾವಾಗಲೂ "ಆಫ್‌ಲೈನ್" ಅನ್ನುತ್ತದೆ. ಆಫೀಸಿಗೆ ಅದೇ ಲ್ಯಾಪ್‌ಟಾಪ್ ಒಯ್ದರೆ ತಕ್ಷಣ ಪ್ರಿಂಟ್ ಆಗುತ್ತದೆ. ಹುಚ್ಚು ಹಿಡಿಯುವುದೊಂದು ಬಾಕಿ.

ಉತ್ತರ: ಬಂದ ಪತ್ರಗಳಲ್ಲಿ ಅತಿ ಹೆಚ್ಚು ಇದೇ ಇದೆ. ಹೆಚ್ಚಿನವರಿಗೆ ಕಾರಣ ಮೊದಲನೆಯದೇ ಇರುತ್ತದೆ, ಆದರೂ ಪೂರ್ತಿ ಹೇಳುತ್ತೇನೆ.

ಆಫೀಸಿನಲ್ಲಿ ಕೂತು ಪ್ರಿಂಟರ್ ಸೇರಿಸಿದಾಗ ನೀವು ವಿಳಾಸ ಕೊಟ್ಟಿರಲಿಲ್ಲ, ವಿಂಡೋಸ್ ತಾನೇ ಹುಡುಕಿಕೊಂಡಿತ್ತು. "ಇಲ್ಲಿ ಪ್ರಿಂಟರ್ ಯಾರಾದರೂ ಇದ್ದೀರಾ" ಎಂದು ಅದು ಕೋಣೆಗೆಲ್ಲ ಕೇಳುವಂತೆ ಕೂಗುತ್ತದೆ, ಪ್ರಿಂಟರ್ "ಇದ್ದೇನೆ" ಎನ್ನುತ್ತದೆ. ವಿಂಡೋಸಿನಲ್ಲಿ ಹೀಗೆ ಸೇರಿದ ಪ್ರಿಂಟರಿನ ಪೋರ್ಟಿಗೆ ಡಬ್ಲ್ಯುಎಸ್‌ಡಿ ಎಂದು ಹೆಸರಿರುತ್ತದೆ. ಆ್ಯಪಲ್‌ನ ಏರ್‌ಪ್ರಿಂಟ್ ಕೂಡ ಇದೇ ತರಹ ಕೂಗಿ ಹುಡುಕುತ್ತದೆ. ಆ ಕೂಗು ಒಂದೇ ನೆಟ್‌ವರ್ಕಿನ ಒಳಗೆ ಕೇಳಿಸುತ್ತದೆಯೇ ಹೊರತು ಸಾಮಾನ್ಯವಾಗಿ ವಿಪಿಎನ್ ಕೊಳವೆಯನ್ನು ದಾಟುವುದಿಲ್ಲ. ಕೂಗಿದರೆ ಉತ್ತರ ಇಲ್ಲ, ಹಾಗಾಗಿ ಆಫ್‌ಲೈನ್. ಮಾಡಬೇಕಾದದ್ದು ಇಷ್ಟು: ಪ್ರಿಂಟರಿನ ಪರದೆಯಲ್ಲಿ ಅದರ ಐಪಿ ವಿಳಾಸ ನೋಡಿಕೊಳ್ಳಿ, ಲ್ಯಾಪ್‌ಟಾಪಿನಲ್ಲಿ ಹೊಸದಾಗಿ ಪ್ರಿಂಟರ್ ಸೇರಿಸುವಾಗ ತಾನೇ ಹುಡುಕಲು ಬಿಡದೆ, ಐಪಿ ವಿಳಾಸದಿಂದ ಸೇರಿಸುವ ಆಯ್ಕೆ ತೆಗೆದುಕೊಳ್ಳಿ, ಆ ವಿಳಾಸ ಕೊಡಿ. ಹಳೆಯದನ್ನು ಅಳಿಸಿ, ಇಲ್ಲದಿದ್ದರೆ ಎರಡರಲ್ಲಿ ಯಾವುದಕ್ಕೆ ಕಳಿಸಿದಿರಿ ಎಂದು ನಿಮಗೇ ಗೊಂದಲ ಆಗುತ್ತದೆ.

ಹೀಗೆ ಮಾಡಿದ ಮೇಲೆ ಒಂದು ವಾರ ಚೆನ್ನಾಗಿ ನಡೆದು ಮತ್ತೆ ನಿಂತರೆ ಪ್ರಿಂಟರಿನ ವಿಳಾಸ ಬದಲಾಗಿದೆ. ರೂಟರ್ ವಿಳಾಸಗಳನ್ನು ಬಾಡಿಗೆಗೆ ಕೊಟ್ಟ ಹಾಗೆ ಕೊಡುತ್ತದೆ, ಅವಧಿ ಮುಗಿದರೆ ಬೇರೆ ಸಿಗಬಹುದು. ರೂಟರಿನಲ್ಲಿ ಡಿಎಚ್‌ಸಿಪಿ ರಿಸರ್ವೇಶನ್ ಅನ್ನುವ ಕಡೆ ಆ ವಿಳಾಸವನ್ನು ಪ್ರಿಂಟರಿಗೇ ಕಾಯಂ ಮಾಡಿಸಿ.

ಮೂರನೆಯದು ಸ್ವಲ್ಪ ವಿಚಿತ್ರ. ಪ್ರಿಂಟರ್ ನಿಜವಾಗಿ ಸಿಗುತ್ತಿರುತ್ತದೆ, ವಿಂಡೋಸ್ ಸುಮ್ನೆ ಆಫ್‌ಲೈನ್ ಅನ್ನುತ್ತಿರುತ್ತದೆ. ಪ್ರಿಂಟರಿನ ಆರೋಗ್ಯ ವಿಚಾರಿಸಲು ವಿಂಡೋಸ್ ಎಸ್‌ಎನ್‌ಎಂಪಿ ಎಂಬ ಬೇರೆ ದಾರಿಯಲ್ಲಿ ಪ್ರಶ್ನೆ ಕೇಳುತ್ತದೆ. ಆ ದಾರಿಯನ್ನು ಫೈರ್‌ವಾಲ್ ಮುಚ್ಚಿದ್ದರೆ ಉತ್ತರ ಬರುವುದಿಲ್ಲ, ಉತ್ತರ ಬರಲಿಲ್ಲವೆಂದರೆ ಪ್ರಿಂಟರ್ ಇಲ್ಲವೆಂದೇ ಅದರ ಲೆಕ್ಕ. ಪ್ರಿಂಟರ್ ಪ್ರಾಪರ್ಟೀಸ್‌ಗೆ ಹೋಗಿ, ಪೋರ್ಟ್ಸ್, ಕಾನ್ಫಿಗರ್ ಪೋರ್ಟ್, ಅಲ್ಲಿ "ಎಸ್‌ಎನ್‌ಎಂಪಿ ಸ್ಟೇಟಸ್ ಎನೇಬಲ್ಡ್" ಎದುರಿನ ಗುರುತು ತೆಗೆಯಿರಿ. ಎಷ್ಟೋ ಜನರ ತಲೆನೋವು ಈ ಒಂದು ಗುರುತು ತೆಗೆದ ಕ್ಷಣ ಹೋಗಿದೆ.

ಇನ್ನು, ಮನೆಯ ರೂಟರೂ ಆಫೀಸಿನ ರೂಟರೂ ಒಂದೇ ತರಹದ ವಿಳಾಸ ಬಳಸುತ್ತಿವೆಯಾ ನೋಡಿ. ಎರಡೂ ಕಡೆ 192.168.1 ಎಂದು ಶುರುವಾದರೆ, ಆಫೀಸಿನ 192.168.1.50ಕ್ಕೆ ಕಳಿಸಿದ್ದನ್ನು ಲ್ಯಾಪ್‌ಟಾಪ್ ಮನೆಯೊಳಗೇ ಹುಡುಕುತ್ತದೆ, ಕೊಳವೆಯ ಕಡೆ ತಿರುಗಿಯೂ ನೋಡುವುದಿಲ್ಲ. ಒಂದೇ ಹೆಸರಿನ ಎರಡು ಬೀದಿ ಇದ್ದರೆ ಹತ್ತಿರದ್ದಕ್ಕೇ ಹೋಗುವ ಹಾಗೆ. ಆಫೀಸಿನದನ್ನು ಬದಲಾಯಿಸಿದರೆ ಎಲ್ಲರಿಗೂ ತೊಂದರೆ. ಮನೆಯ ರೂಟರಿನಲ್ಲಿ 192.168.37 ಎಂದೋ ಮತ್ತೊಂದೋ ಮಾಡಿಕೊಳ್ಳಿ, ಐದು ನಿಮಿಷ ಸಾಕು.

ಕೊನೆಯದು ನೆಟ್‌ವರ್ಕ್ ಕೆಲಸ ಮಾಡುವವರೂ ಮರೆಯುವಂಥದ್ದು. ಪ್ರಿಂಟರಿಗೆ ಕೈಯಾರೆ ವಿಳಾಸ ಕೊಟ್ಟವರು ಗೇಟ್‌ವೇ, ಅಂದರೆ ಹೊರಗೆ ಹೋಗುವ ದಾರಿಯ ವಿಳಾಸ ಬರೆಯುವ ಜಾಗವನ್ನು ಖಾಲಿ ಬಿಟ್ಟಿರುತ್ತಾರೆ. ಆಫೀಸಿನೊಳಗೆ ಗೇಟ್‌ವೇ ಬೇಕಾಗುವುದಿಲ್ಲ, ಎಲ್ಲರೂ ಅಕ್ಕಪಕ್ಕದವರೇ. ಆದರೆ ವಿಪಿಎನ್‌ನಿಂದ ಬಂದವರ ವಿಳಾಸ ಬೇರೆ ಸರಣಿಯದು. ನಿಮ್ಮ ಮಾತು ಪ್ರಿಂಟರಿಗೆ ತಲುಪುತ್ತದೆ, ಉತ್ತರ ಯಾವ ದಾರಿಯಲ್ಲಿ ಕಳಿಸಬೇಕೆಂದು ಅದಕ್ಕೆ ಗೊತ್ತಿರುವುದಿಲ್ಲ. ಆಫೀಸಿನ ಫೈಲುಗಳು ತೆರೆಯುತ್ತವೆ, ಪ್ರಿಂಟರ್ "ಇದ್ದೀಯಾ" ಎಂದು ಕೇಳುವ ಪಿಂಗ್ ಆಜ್ಞೆಗೂ ಉತ್ತರಿಸುವುದಿಲ್ಲ ಅನ್ನುವವರು ಇದನ್ನೇ ಮೊದಲು ನೋಡಿ.

ಪ್ರಶ್ನೆ: ನಮ್ಮ ಪ್ರಿಂಟರಿಗೆ ನೆಟ್‌ವರ್ಕ್ ಇಲ್ಲ. ಯುಎಸ್‌ಬಿ ತಂತಿ ಮಾತ್ರ. ಹೊಸದು ಕೊಳ್ಳುವುದಿಲ್ಲ ಅಂದಿದ್ದಾರೆ. ದಾರಿ ಇದೆಯಾ?

ಉತ್ತರ: ಇದೆ. ಯುಎಸ್‌ಬಿ ಪ್ರಿಂಟರಿಗೆ ತನ್ನದೇ ವಿಳಾಸ ಇಲ್ಲ, ಅದು ಯಾವ ಕಂಪ್ಯೂಟರಿಗೆ ಅಂಟಿಕೊಂಡಿದೆಯೋ ಆ ಕಂಪ್ಯೂಟರೇ ಅದರ ಬಾಯಿ. ಆ ಕಂಪ್ಯೂಟರ್ ಆನ್ ಇರಬೇಕು, ನಿದ್ದೆಗೆ ಹೋಗಬಾರದು. ಪವರ್ ಸೆಟ್ಟಿಂಗಿನಲ್ಲಿ ಸ್ಲೀಪ್ ಅನ್ನು ನಿಲ್ಲಿಸಿಬಿಡಿ, ಪರದೆ ಆರಿದರೆ ಪರವಾಗಿಲ್ಲ.

ಸುಲಭದ ದಾರಿ ರಿಮೋಟ್ ಡೆಸ್ಕ್‌ಟಾಪ್. ಮನೆಯಿಂದ ಆ ಕಂಪ್ಯೂಟರಿನ ಪರದೆ ತೆರೆದು, ಫೈಲನ್ನು ಅಲ್ಲಿಗೆ ಹಾಕಿ, ಅಲ್ಲೇ ಪ್ರಿಂಟ್ ಕೊಡುವುದು. ವಿಂಡೋಸಿನ ರಿಮೋಟ್ ಡೆಸ್ಕ್‌ಟಾಪನ್ನೂ ವಿಪಿಎನ್ ಒಳಗೇ ಬಳಸಿ, ಅದರ 3389 ಪೋರ್ಟನ್ನು ಇಂಟರ್ನೆಟ್ಟಿಗೆ ತೆರೆಯುವುದು 9100 ತೆರೆಯುವುದಕ್ಕಿಂತ ಅಪಾಯ.

ಎರಡನೆಯ ದಾರಿ ನನಗೆ ಇಷ್ಟವಾದದ್ದು. ಡ್ರಾಪ್‌ಬಾಕ್ಸ್ ಅಥವಾ ಒನ್‌ಡ್ರೈವ್‌ನಲ್ಲಿ "ಪ್ರಿಂಟ್" ಎಂದು ಒಂದು ಫೋಲ್ಡರ್ ಮಾಡಿ, ಅದು ಆಫೀಸಿನ ಕಂಪ್ಯೂಟರಿಗೂ ಇಳಿಯುವಂತೆ ಮಾಡಿ. ಅಲ್ಲಿ ಒಂದು ಸಣ್ಣ ಸ್ಕ್ರಿಪ್ಟ್ ಆ ಫೋಲ್ಡರನ್ನು ನೋಡುತ್ತಿರುತ್ತದೆ, ಹೊಸ ಪಿಡಿಎಫ್ ಬಂದ ಕೂಡಲೇ ಪ್ರಿಂಟಿಗೆ ಕೊಟ್ಟು ಬೇರೆ ಫೋಲ್ಡರಿಗೆ ಸರಿಸುತ್ತದೆ. ಸುಮಾತ್ರಾ ಪಿಡಿಎಫ್ ಎಂಬ ಉಚಿತ ಪ್ರೋಗ್ರಾಂ ಹೀಗೆ ಕಿಟಕಿ ತೆರೆಯದೆ, ಆಜ್ಞೆ ಕೊಟ್ಟರೆ ಸಾಕು, ಪ್ರಿಂಟ್ ಮಾಡುತ್ತದೆ. ಹತ್ತು ಸಾಲಿನ ಸ್ಕ್ರಿಪ್ಟು. ವಿಪಿಎನ್ ಬೇಡ, ಪೋರ್ಟ್ ಬೇಡ, ಮೊಬೈಲಿನಿಂದಲೂ ಫೈಲ್ ಹಾಕಬಹುದು. ಎಚ್ಚರ ಒಂದೇ: ಆ ಫೋಲ್ಡರ್ ಯಾರ ಕೈಯಲ್ಲಿದೆಯೋ ನಿಮ್ಮ ಪ್ರಿಂಟರ್ ಅವರ ಕೈಯಲ್ಲಿದೆ.

ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರಿಗೆ ಪ್ರಿಂಟರ್ ಚುಚ್ಚಿ, ಕಪ್ಸ್ ಎಂಬ ಪ್ರಿಂಟ್ ನೋಡಿಕೊಳ್ಳುವ ಪ್ರೋಗ್ರಾಂ ಹಾಕಿ ನೆಟ್‌ವರ್ಕ್ ಪ್ರಿಂಟರ್ ಮಾಡಿಕೊಂಡವರೂ ಇದ್ದಾರೆ. ಚೆನ್ನಾಗಿ ನಡೆಯುತ್ತದೆ, ಆದರೆ ನಿಮ್ಮ ಪ್ರಿಂಟರಿನ ಡ್ರೈವರ್, ಅಂದರೆ ಪ್ರಿಂಟರನ್ನು ನಡೆಸುವ ಪ್ರೋಗ್ರಾಂ, ಅದಕ್ಕೆ ಸಿಗುತ್ತದಾ ಎಂದು ಮೊದಲೇ ನೋಡಿ. ಅಪ್‌ಡೇಟ್ ಮಾತ್ರ ಬಿಡಬೇಡಿ. 2024ರ ಸೆಪ್ಟೆಂಬರಿನಲ್ಲಿ ಕಪ್ಸ್‌ನ ಜೊತೆಗೆ ಬರುವ, ಪ್ರಿಂಟರ್ ಹುಡುಕುವ ಪ್ರೋಗ್ರಾಮಿನಲ್ಲೇ ದೊಡ್ಡ ದೋಷ ಸಿಕ್ಕಿತ್ತು. ವಿಂಡೋಸಿನವರೂ ನಿರಾಳವಾಗಿ ಕೂರುವ ಹಾಗಿಲ್ಲ: 2021ರ ಜುಲೈಯಲ್ಲಿ ಪ್ರಿಂಟ್‌ನೈಟ್‌ಮೇರ್ ಎಂದು ಹೆಸರಾದ ದೋಷ, ಪ್ರಿಂಟುಗಳನ್ನು ಸಾಲಿನಲ್ಲಿ ನಿಲ್ಲಿಸಿ ಕಳಿಸುವ ವಿಂಡೋಸಿನ ಪ್ರಿಂಟ್ ಸ್ಪೂಲರಿನಲ್ಲೇ ಇತ್ತು, ಮೈಕ್ರೋಸಾಫ್ಟ್ ತುರ್ತಾಗಿ ತೇಪೆ ಹಾಕಿತು. ಹಂಚಿಕೊಂಡ ಪ್ರಿಂಟರಿನ ಡ್ರೈವರ್ ಹಾಕುವಾಗ ಈಗ ಅಡ್ಮಿನ್ ಪಾಸ್‌ವರ್ಡ್ ಕೇಳುವುದು ಆಗ ಬಂದ ನಿಯಮ.

ಪ್ರಶ್ನೆ: ಮೊದಲು ಗೂಗಲ್ ಕ್ಲೌಡ್ ಪ್ರಿಂಟ್ ಬಳಸುತ್ತಿದ್ದೆವು, ಎಷ್ಟು ಸುಲಭ ಇತ್ತು. ಈಗ ಅಂಥದ್ದು ಏನಿದೆ?

ಉತ್ತರ: ಅದು 2020ರ ಡಿಸೆಂಬರ್ 31ಕ್ಕೆ ನಿಂತುಹೋಯಿತು. ಅಷ್ಟು ಸರಳವಾದದ್ದು, ಉಚಿತವಾಗಿ, ಎಲ್ಲ ಕಂಪನಿಯ ಪ್ರಿಂಟರಿಗೂ ಆಗುವಂಥದ್ದು ಮತ್ತೆ ನನ್ನ ಕಣ್ಣಿಗೆ ಬಿದ್ದಿಲ್ಲ, ಅದು ಹೋದದ್ದಕ್ಕೆ ನನಗೂ ಬೇಜಾರಿದೆ.

ಆಫೀಸಿನಲ್ಲಿ ಮೈಕ್ರೋಸಾಫ್ಟ್ 365 ಇದ್ದರೆ ಯೂನಿವರ್ಸಲ್ ಪ್ರಿಂಟ್ ಕೇಳಿ ನೋಡಿ. 2021ರ ಮಾರ್ಚಿನಲ್ಲಿ ಎಲ್ಲರಿಗೂ ಸಿಕ್ಕಿತು. ಕೆಲವು ಹೊಸ ಪ್ರಿಂಟರುಗಳು ಅದಕ್ಕೆ ನೇರವಾಗಿ ಸೇರುತ್ತವೆ, ಹಳೆಯದಕ್ಕೆ ಆಫೀಸಿನ ಒಂದು ವಿಂಡೋಸ್ ಕಂಪ್ಯೂಟರಿನಲ್ಲಿ ಕನೆಕ್ಟರ್ ಎಂಬ ಪ್ರೋಗ್ರಾಂ ಹಾಕಬೇಕು. ಆಫೀಸಿನ ಲಾಗಿನ್ ಇದ್ದವರಿಗೆ ಮಾತ್ರ ಪ್ರಿಂಟ್, ಯಾವ ಪೋರ್ಟೂ ತೆರೆಯಬೇಕಾಗಿಲ್ಲ. ಎಲ್ಲ ಬಗೆಯ ಲೈಸೆನ್ಸಿನಲ್ಲೂ ಅದು ಇರುವುದಿಲ್ಲ, ನಿಮ್ಮದರಲ್ಲಿ ಇದೆಯಾ ಎಂದು ಕೇಳಿಕೊಳ್ಳಿ.

ಇನ್ನೊಂದು ಇಮೇಲ್ ಪ್ರಿಂಟ್. ಎಪ್ಸನ್‌ನಂಥ ಕಂಪನಿಗಳ ಕೆಲವು ಪ್ರಿಂಟರುಗಳಿಗೆ ಅವುಗಳದೇ ಇಮೇಲ್ ವಿಳಾಸ ಕೊಡುತ್ತಾರೆ, ಆ ವಿಳಾಸಕ್ಕೆ ಪಿಡಿಎಫ್ ಕಳಿಸಿದರೆ ಅಲ್ಲಿ ಕಾಗದ ಬರುತ್ತದೆ. ಯಾರು ಕಳಿಸಿದರೆ ಮಾತ್ರ ತೆಗೆದುಕೊಳ್ಳಬೇಕು ಎಂಬ ಪಟ್ಟಿಯನ್ನು ಮರೆಯದೆ ತುಂಬಿ. ಅಪರೂಪಕ್ಕೆ ಎರಡು ಪುಟ ಬೇಕಾದವರಿಗೆ ಇಷ್ಟೇ ಸಾಕು. ನಿಮ್ಮ ಫೈಲು ಆ ಕಂಪನಿಯ ಸರ್ವರನ್ನು ಹಾದು ಹೋಗುತ್ತದೆ ಅನ್ನುವುದು ನೆನಪಿರಲಿ, ಗುಟ್ಟಿನ ಕಾಗದಗಳಿಗೆ ನಾನು ಈ ದಾರಿ ಹೇಳುವುದಿಲ್ಲ.

ಪ್ರಶ್ನೆ: ರಿಮೋಟ್ ಡೆಸ್ಕ್‌ಟಾಪಿನಲ್ಲಿ ಪ್ರಿಂಟ್ ಕೊಟ್ಟರೆ ಕಾಗದ ಮನೆಯ ಪ್ರಿಂಟರಿನಲ್ಲಿ ಬರುತ್ತದೆ!

ಉತ್ತರ: ರಿಮೋಟ್ ಡೆಸ್ಕ್‌ಟಾಪ್ ಬರುವಾಗ ನಿಮ್ಮ ಮನೆಯ ಪ್ರಿಂಟರನ್ನೂ ಜೊತೆಗೆ ಕರೆತರುತ್ತದೆ. ಪಟ್ಟಿಯಲ್ಲಿ ಹೆಸರಿನ ಕೊನೆಗೆ "ರಿಡೈರೆಕ್ಟೆಡ್" ಎಂದಿರುವುದು ಮನೆಯದು, ಅದಿಲ್ಲದ್ದು ಆಫೀಸಿನದು. ಮನೆಯದು ಬೇಡವೇ ಬೇಡ ಅಂದರೆ ಸಂಪರ್ಕಕ್ಕೆ ಮೊದಲು ಲೋಕಲ್ ರಿಸೋರ್ಸಸ್ ಪುಟದಲ್ಲಿ ಪ್ರಿಂಟರ್ಸ್ ಎದುರಿನ ಗುರುತು ತೆಗೆಯಿರಿ.

ಪ್ರಶ್ನೆ: ಫೈಲು 3 ಎಂಬಿ. ವಿಪಿಎನ್ ಮೂಲಕ ಪ್ರಿಂಟ್ ಕೊಟ್ಟರೆ ಇಪ್ಪತ್ತು ನಿಮಿಷ. ಅದೇ ಫೈಲು ಇಮೇಲಿನಲ್ಲಿ ಕ್ಷಣದಲ್ಲಿ ಹೋಗುತ್ತದೆ. ಯಾಕೆ?

ಉತ್ತರ: ಯಾಕೆಂದರೆ ವಿಪಿಎನ್ ಮೂಲಕ ಹೋಗುತ್ತಿರುವುದು ನಿಮ್ಮ ಫೈಲಲ್ಲ. ಎಷ್ಟೋ ಡ್ರೈವರುಗಳು ಪುಟವನ್ನು ಮೊದಲು ನಿಮ್ಮ ಲ್ಯಾಪ್‌ಟಾಪಿನಲ್ಲೇ ಚುಕ್ಕಿಗಳಾಗಿ ಒಡೆದು, ಆ ಚುಕ್ಕಿಗಳನ್ನು ಕಳಿಸುತ್ತವೆ. ಲೆಕ್ಕ ಹಾಕೋಣ. ಎ4 ಪುಟ 8.27 ಇಂಚು ಅಗಲ, 11.69 ಇಂಚು ಉದ್ದ. ಇಂಚಿಗೆ 600 ಚುಕ್ಕಿಯಂತೆ ಒಂದು ಪುಟಕ್ಕೆ ಸುಮಾರು ಮೂರೂವರೆ ಕೋಟಿ ಚುಕ್ಕಿ. ಪೂರ್ತಿ ಬಣ್ಣದಲ್ಲಿ ಚುಕ್ಕಿಗೆ 3 ಬೈಟ್ ಅಂದರೆ ಒಂದೇ ಪುಟ ನೂರು ಎಂಬಿ ದಾಟಿತು. ಡ್ರೈವರ್ ಅದನ್ನು ಕುಗ್ಗಿಸುತ್ತದೆ ನಿಜ, ಬರೀ ಅಕ್ಷರಗಳಿದ್ದರೆ ಚೆನ್ನಾಗೇ ಕುಗ್ಗುತ್ತದೆ, ಚಿತ್ರಗಳಿದ್ದರೆ ಅಷ್ಟು ಕುಗ್ಗುವುದಿಲ್ಲ. ಮನೆಯ ಇಂಟರ್ನೆಟ್ಟಿನಲ್ಲಿ ಕೆಳಗಿಳಿಸುವ ವೇಗ ಎಷ್ಟೇ ಇರಲಿ, ಮೇಲೇರಿಸುವ ವೇಗ ಅನೇಕ ಕಡೆ ಕಡಿಮೆ. ಸೆಕೆಂಡಿಗೆ 10 ಮೆಗಾಬಿಟ್ ಇದ್ದರೆ ಕುಗ್ಗಿಸದ ಆ ಒಂದು ಪುಟಕ್ಕೇ 80 ಸೆಕೆಂಡಿಗಿಂತ ಜಾಸ್ತಿ ಬೇಕು.

ಹಾಗಾಗಿ ಚುಕ್ಕಿಗಳನ್ನು ಕಳಿಸಬೇಡಿ, ಫೈಲನ್ನೇ ಕಳಿಸಿ. ಮೇಲೆ ಹೇಳಿದ ಫೋಲ್ಡರ್ ದಾರಿಯಲ್ಲೂ ರಿಮೋಟ್ ಡೆಸ್ಕ್‌ಟಾಪಿನಲ್ಲೂ ಹೋಗುವುದು 3 ಎಂಬಿ ಮಾತ್ರ, ಚುಕ್ಕಿ ಮಾಡುವ ಕೆಲಸ ಆಫೀಸಿನಲ್ಲಿ ನಡೆಯುತ್ತದೆ. ನೇರವಾಗಿಯೇ ಕಳಿಸಬೇಕೆಂದರೆ ಪ್ರಿಂಟರಿನ ಪೋಸ್ಟ್‌ಸ್ಕ್ರಿಪ್ಟ್ ಅಥವಾ ಪಿಸಿಎಲ್ 6 ಡ್ರೈವರ್ ಹಾಕಿ ನೋಡಿ, ಇವು ಅಕ್ಷರವನ್ನು ಅಕ್ಷರವಾಗಿಯೇ ಕಳಿಸುತ್ತವೆ. ಅದೂ ಇಲ್ಲದಿದ್ದರೆ 600ರ ಬದಲು 300 ಇಡಿ. ಚುಕ್ಕಿಗಳ ಲೆಕ್ಕ ನಾಲ್ಕನೇ ಒಂದಕ್ಕೆ ಇಳಿಯುತ್ತದೆ, ಬಿಲ್ಲು ಓದಲು ಏನೂ ತೊಂದರೆ ಇಲ್ಲ.

ಪ್ರಶ್ನೆ: ಮೊಬೈಲಿನಿಂದ ಆಗುತ್ತದಾ?

ಉತ್ತರ: ಆಂಡ್ರಾಯ್ಡ್‌ನಲ್ಲಿ ಆಗುತ್ತದೆ. ಮೊಬೈಲಿನಲ್ಲೂ ವಿಪಿಎನ್ ಹಾಕಿ, ಪ್ರಿಂಟ್ ಸೆಟ್ಟಿಂಗಿನಲ್ಲಿ ಐಪಿ ವಿಳಾಸ ಕೊಟ್ಟು ಪ್ರಿಂಟರ್ ಸೇರಿಸಿ. ಐಫೋನಿನಲ್ಲಿ ವಿಳಾಸ ಬರೆಯುವ ಜಾಗವೇ ಇಲ್ಲ, ಏರ್‌ಪ್ರಿಂಟ್ ಕೂಗಿ ಹುಡುಕುತ್ತದೆ, ಆ ಕೂಗು ಕೊಳವೆ ದಾಟುವುದಿಲ್ಲ. ಆಫೀಸಿನವರು ಪ್ರಿಂಟರಿನ ವಿಳಾಸ ಬರೆದ ಪ್ರೊಫೈಲ್ ಒಂದನ್ನು ಫೋನಿಗೆ ಹಾಕಿಕೊಟ್ಟರೆ ಸಿಗುತ್ತದೆ. ಇಲ್ಲದಿದ್ದರೆ ಫೋಲ್ಡರ್ ದಾರಿಯೇ ಸರಿ.

ಪ್ರಶ್ನೆ: ಮನೆಯಲ್ಲಿ ಟೈಪ್ ಮಾಡಿದ ಕನ್ನಡ ಪತ್ರವನ್ನು ಆಫೀಸಿನ ಕಂಪ್ಯೂಟರಿನಲ್ಲಿ ತೆರೆದು ಪ್ರಿಂಟ್ ಮಾಡಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬರುತ್ತವೆ.

ಉತ್ತರ: ನೀವು ನುಡಿ ಅಥವಾ ಬರಹದ ಹಳೆಯ, ಯೂನಿಕೋಡ್ ಅಲ್ಲದ ಫಾಂಟಿನಲ್ಲಿ ಟೈಪ್ ಮಾಡಿದ್ದೀರಿ. ಆ ಫೈಲಿನೊಳಗೆ ಇರುವುದು ನಿಜಕ್ಕೂ ಇಂಗ್ಲಿಷ್ ಅಕ್ಷರಗಳ ಸಂಕೇತಗಳೇ, ಫಾಂಟು ಅವುಗಳಿಗೆ ಕನ್ನಡದ ರೂಪ ಕೊಡುತ್ತಿತ್ತು. ಆಫೀಸಿನಲ್ಲಿ ಆ ಫಾಂಟ್ ಇಲ್ಲ. ವರ್ಡ್ ಫೈಲ್ ಕಳಿಸದೆ, ಮನೆಯಲ್ಲೇ ಪಿಡಿಎಫ್ ಮಾಡಿ ಕಳಿಸಿ, ಫಾಂಟು ಅದರೊಳಗೇ ಕೂತು ಹೋಗುತ್ತದೆ. ಮುಂದಿನ ಪತ್ರವನ್ನು ಯೂನಿಕೋಡಿನಲ್ಲಿ ಟೈಪ್ ಮಾಡಿ. ಹತ್ತು ವರ್ಷದ ನಂತರವೂ ಅದು ಕನ್ನಡವಾಗಿಯೇ ತೆರೆಯಬೇಕು, ಅಲ್ವಾ? ಸಾಲುಗಳು ಅಲ್ಲಾಡುವುದು, ಕೊನೆಯ ಸಾಲು ಮುಂದಿನ ಪುಟಕ್ಕೆ ಜಾರುವುದು, ಇವಕ್ಕೂ ಪಿಡಿಎಫ್ ಮದ್ದು.

ಪ್ರಶ್ನೆ: ಸಂಬಳದ ಪಟ್ಟಿ, ನೌಕರರ ಆರೋಗ್ಯದ ಕಾಗದಗಳನ್ನು ಮನೆಯಿಂದ ಪ್ರಿಂಟ್ ಕೊಡಬೇಕಾಗುತ್ತದೆ. ವಿಪಿಎನ್ ಇದೆ. ಇನ್ನೇನಾದರೂ ಯೋಚಿಸಬೇಕಾ?

ಉತ್ತರ: ಖಂಡಿತ ಯೋಚಿಸಬೇಕು, ಇದನ್ನು ಕೇಳಿದ್ದಕ್ಕೆ ನಿಮಗೆ ಧನ್ಯವಾದ. ಬಂದ ಅಷ್ಟೂ ಪತ್ರಗಳಲ್ಲಿ ಇದನ್ನು ಕೇಳಿದವರು ನೀವೊಬ್ಬರೇ.

ದಾರಿಯಲ್ಲಿ ಯಾರೂ ಓದದಂತೆ ವಿಪಿಎನ್ ನೋಡಿಕೊಳ್ಳುತ್ತದೆ. ಆದರೆ ಆ ದಾರಿ ಮುಗಿಯುವುದು ಟ್ರೇಯಲ್ಲಿ, ಟ್ರೇ ಇರುವುದು ನಾಲ್ಕು ಜನ ಓಡಾಡುವ ಜಾಗದಲ್ಲಿ, ನೀವಿರುವುದು ಮನೆಯಲ್ಲಿ. ನಾನು ಹಿಂದೆ ಕೆಲಸ ಮಾಡಿದ ಒಂದು ಕಡೆ ಹೀಗೇ ಆಯಿತು. ಎರಡು ಪ್ರಿಂಟರುಗಳ ಹೆಸರಿನಲ್ಲಿ ಕೊನೆಯ ಅಂಕಿಯೊಂದೇ ಬೇರೆ. ಮನೆಯಿಂದ ಕಳಿಸಿದ ಸಂಬಳದ ಪಟ್ಟಿ ಒಳಗಿನ ಕೋಣೆಯ ಪ್ರಿಂಟರಿಗೆ ಹೋಗದೆ ಓಣಿಯ ಪ್ರಿಂಟರಿಗೆ ಹೋಯಿತು. ಅರ್ಧ ದಿನ ಅದು ಅಲ್ಲಿ ಮೇಲ್ಮುಖವಾಗಿ ಬಿದ್ದಿತ್ತು. ಯಾರು ಓದಿದರು, ಯಾರು ಫೋಟೋ ತೆಗೆದರು ಗೊತ್ತಾಗಲಿಲ್ಲ, ಆದರೆ ಆ ವಾರದಿಂದ ಜೊತೆಯಲ್ಲಿ ಊಟಕ್ಕೆ ಕೂರುತ್ತಿದ್ದವರು ಬೇರೆ ಬೇರೆ ಕೂತರು. ಆ ನೋವು ನನಗೆ ಇನ್ನೂ ನೆನಪಿದೆ. ಪ್ರಿಂಟರಿಗೆ ಹೆಸರಿಡುವಾಗ ಅಂಕಿ ಇಡಬೇಡಿ, "ಲೆಕ್ಕದ ಕೋಣೆ", "ಬಾಗಿಲ ಬಳಿ" ಎಂದು ಜಾಗದ ಹೆಸರೇ ಇಡಿ.

ಆಫೀಸಿನ ದೊಡ್ಡ ಪ್ರಿಂಟರುಗಳಲ್ಲಿ ಪಿನ್ ಹಾಕಿ ಪ್ರಿಂಟ್ ಕೊಡುವ ಸೌಲಭ್ಯ ಇರುತ್ತದೆ. ಡ್ರೈವರಿನಲ್ಲಿ ಸೆಕ್ಯೂರ್ ಪ್ರಿಂಟ್, ಪ್ರೈವೇಟ್ ಪ್ರಿಂಟ್, ಜಾಬ್ ಸ್ಟೋರೇಜ್ ಎಂದು ಕಂಪನಿಗೊಂದು ಹೆಸರು. ನೀವು ನಾಲ್ಕು ಅಂಕಿ ಕೊಟ್ಟು ಕಳಿಸುತ್ತೀರಿ, ಕೆಲಸ ಪ್ರಿಂಟರಿನೊಳಗೆ ಕಾಯುತ್ತದೆ, ಯಾರಾದರೂ ಎದುರು ನಿಂತು ಆ ಅಂಕಿ ಒತ್ತಿದ ಮೇಲಷ್ಟೇ ಕಾಗದ ಹೊರಗೆ ಬರುತ್ತದೆ. ಅಂಕಿಯನ್ನು ಸಂಬಂಧಪಟ್ಟವರಿಗೆ ಫೋನಿನಲ್ಲಿ ಹೇಳಿ. ಸಣ್ಣ ಪ್ರಿಂಟರಿನಲ್ಲಿ ಇದು ಇಲ್ಲದಿದ್ದರೆ ಮೊದಲು ಫೋನ್ ಮಾಡಿ, ಅವರು ಪ್ರಿಂಟರಿನ ಮುಂದೆ ನಿಂತಿದ್ದೇನೆ ಅಂದ ಮೇಲೆ ಪ್ರಿಂಟ್ ಒತ್ತಿ. ಹಳೆಯ ಕಾಲದ ಉಪಾಯ, ಆದರೆ ಕೆಲಸ ಮಾಡುತ್ತದೆ.

ಇನ್ನೂ ಒಂದು. ಕೆಲವು ದೊಡ್ಡ ಪ್ರಿಂಟರುಗಳಲ್ಲಿ ಹಾರ್ಡ್ ಡಿಸ್ಕ್ ಇರುತ್ತದೆ, ಅಚ್ಚಾದದ್ದರ ನಕಲು ಅದರಲ್ಲಿ ಉಳಿಯಬಹುದು. ಬಾಡಿಗೆಯ ಪ್ರಿಂಟರನ್ನು ಹಿಂದಿರುಗಿಸುವ ದಿನ ಆ ಡಿಸ್ಕನ್ನು ಅಳಿಸಿಕೊಟ್ಟಿರಾ ಎಂದು ಕೇಳುವ ಕೆಲಸ ನಿಮ್ಮದೇ ಎಂದುಕೊಳ್ಳಿ.

ಪ್ರಶ್ನೆ: 40 ಪುಟದ ವರದಿ ಪ್ರಿಂಟ್ ಕೊಟ್ಟೆ, ಏನೂ ಆಗಲಿಲ್ಲ. ಮತ್ತೆ ಕೊಟ್ಟೆ. ಒಟ್ಟು ಆರು ಸಲ. ಮರುದಿನ ಬೆಳಿಗ್ಗೆ ಆಫೀಸಿನಲ್ಲಿ ಆರೂ ಪ್ರತಿ ಬಂದವಂತೆ. ಎಲ್ಲರೂ ಬೈದರು. ತಪ್ಪು ಎಲ್ಲಿ?

ಉತ್ತರ: ಎದುರಿಗೆ ಪ್ರಿಂಟರ್ ಇಲ್ಲದಾಗ ಎಲ್ಲರೂ ಹೀಗೇ ಮಾಡುತ್ತಾರೆ. ನೀವು ಒತ್ತಿದ ಪ್ರತಿ ಪ್ರಿಂಟೂ ಸಾಲಿನಲ್ಲಿ ನಿಂತು ಕಾಯುತ್ತದೆ, ಯಾವುದೂ ಮಾಯವಾಗುವುದಿಲ್ಲ. ಮೊದಲನೆಯದು ಯಾಕೆ ನಿಂತಿತು ಎಂದು ನೋಡಬೇಕಿತ್ತು. ನನ್ನ ಅನುಮಾನ ಕಾಗದದ ಅಳತೆಯ ಮೇಲೆ. ನಿಮ್ಮ ವರದಿ ಲೆಟರ್ ಅಳತೆಯದ್ದಿರಬಹುದು, 216 ಮಿಲಿಮೀಟರ್ ಅಗಲ, 279 ಉದ್ದ. ಟ್ರೇಯಲ್ಲಿ ಇರುವುದು ಎ4, 210 ಅಗಲ, 297 ಉದ್ದ. ಪ್ರಿಂಟರ್ "ಲೆಟರ್ ಕಾಗದ ಹಾಕಿ" ಎಂದು ತನ್ನ ಪುಟ್ಟ ಪರದೆಯಲ್ಲಿ ಬರೆದುಕೊಂಡು ರಾತ್ರಿಯಿಡೀ ಕಾದಿದೆ, ಬೆಳಿಗ್ಗೆ ಬಂದವರು ಯಾರೋ ಓಕೆ ಒತ್ತಿದ್ದಾರೆ. ಕಳಿಸುವ ಮೊದಲು ಫೈಲಿನಲ್ಲೂ ಡ್ರೈವರಿನಲ್ಲೂ ಎ4 ಎಂದೇ ಇದೆಯಾ ನೋಡಿ.

ಮುಂದಿನ ಸಲ ಪ್ರಿಂಟ್ ಬರಲಿಲ್ಲವೆಂದರೆ ಮತ್ತೆ ಒತ್ತುವ ಮುಂಚೆ ಸಾಲನ್ನು ತೆರೆದು ನೋಡಿ. ವಿಪಿಎನ್ ಇದ್ದರೆ ಬ್ರೌಸರಿನಲ್ಲಿ ಪ್ರಿಂಟರಿನ ಐಪಿ ವಿಳಾಸ ಬರೆದರೆ ಅದರದೇ ಪುಟ ತೆರೆಯುತ್ತದೆ, ಕಾಗದ ಮುಗಿದಿದೆಯೋ, ಮುಚ್ಚಳ ತೆರೆದಿದೆಯೋ, ಟೋನರ್ ಎಷ್ಟಿದೆ ಎಲ್ಲ ಅಲ್ಲೇ ಕಾಣುತ್ತದೆ. ಬೇಡದ ಪ್ರತಿಗಳು ಆಗಲೇ ಬರಲು ಶುರುವಾಗಿದ್ದರೆ ಆಫೀಸಿನಲ್ಲಿರುವವರಿಗೆ ಫೋನ್ ಮಾಡಿ, ಕಾಗದದ ಟ್ರೇಯನ್ನು ಹೊರಗೆಳೆಯಲು ಹೇಳಿ. ಮುಂದಿನ ಪುಟಕ್ಕೆ ಕಾಗದ ಸಿಗದೆ ಪ್ರಿಂಟರ್ ನಿಲ್ಲುತ್ತದೆ, ಅಷ್ಟರಲ್ಲಿ ನೀವು ಇಲ್ಲಿಂದ ಸಾಲನ್ನು ಖಾಲಿ ಮಾಡಬಹುದು, ಪ್ರಿಂಟರಿನೊಳಗೆ ಆಗಲೇ ಸೇರಿದ್ದನ್ನು ಅವರು ಕ್ಯಾನ್ಸಲ್ ಗುಂಡಿ ಒತ್ತಿ ತೆಗೆಯುತ್ತಾರೆ.